ಸೈಬರ್ ಕಿರುಕುಳ ಮತ್ತು ಹರೆಯದವರ ಆತ್ಮಭಾವ: ಸಂಶೋಧನೆಯ ಹಾದಿ

ಮೊಬೈಲ್, ಕಂಪ್ಯೂಟರ್, ಸಾಮಾಜಿಕ ಜಾಲತಾಣ, ಆನ್‌ಲೈನ್ ಆಟಗಳ ಮೂಲಕ ಒಬ್ಬರನ್ನು ಬೇಕೆಂದೇ ನೋಯಿಸುವುದು, ಹಂಗಿಸುವುದು, ಹೆದರಿಸುವುದು, ಗುಂಪಿನಿಂದ ಹೊರಗಿಡುವುದಕ್ಕೆ ಸೈಬರ್ ಕಿರುಕುಳ ಎನ್ನುತ್ತಾರೆ. ಬೈಗುಳದ ಸಂದೇಶ, ಗೇಲಿಯ ಮೀಮ್, ತಿರುಚಿದ ಫೋಟೊ, ನಕಲಿ ಖಾತೆ, ನಂಬಿ ಹೇಳಿದ ಗುಟ್ಟನ್ನು ಬಯಲಿಗೆಳೆಯುವುದು, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಿಂದ ಒಬ್ಬಳನ್ನು ಮಾತ್ರ ಕೈಬಿಡುವುದು ಇದರ ಪರಿಚಿತ ರೂಪಗಳು. ಹರೆಯದವರ ಮನಸ್ಸಿನ ಮೇಲೆ ಇದರಿಂದ ಏನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರ, ಶಿಕ್ಷಣ, ಸಾರ್ವಜನಿಕ ಆರೋಗ್ಯ ಕ್ಷೇತ್ರಗಳು ಸುಮಾರು 25 ವರ್ಷಗಳಿಂದ ಅಧ್ಯಯನ ಮಾಡುತ್ತಿವೆ. ಮೊದಮೊದಲು ಎಷ್ಟು ಮಕ್ಕಳಿಗೆ ಹೀಗಾಗುತ್ತಿದೆ ಎಂದು ಎಣಿಸುವುದೇ ಮುಖ್ಯ ಕೆಲಸವಾಗಿತ್ತು. ಈಗ ಪ್ರಶ್ನೆ ಒಳಮುಖವಾಗಿದೆ. ಬೇರೆಯವರು ಎಸೆದ ಮಾತನ್ನು ಮಗು ಯಾವಾಗ ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ತೀರ್ಪಾಗಿ ಸ್ವೀಕರಿಸುತ್ತದೆ? ಯಾವಾಗ ಅದನ್ನು ಕೊಡವಿಕೊಂಡು ಮುಂದೆ ಹೋಗುತ್ತದೆ? ಈ ಕ್ಷೇತ್ರದ ಅತ್ಯುತ್ತಮ ಕೆಲಸವೆಲ್ಲ ಇಂದು ಈ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತಿದೆ.

ವ್ಯಾಖ್ಯೆಯ ತೊಡಕು

ಶಾಲಾ ಕಿರುಕುಳದ ಶಾಸ್ತ್ರೀಯ ಅಧ್ಯಯನ ಶುರುವಾದದ್ದು 1970ರ ದಶಕದಲ್ಲಿ, ಸ್ಕ್ಯಾಂಡಿನೇವಿಯಾದಲ್ಲಿ, ಡಾನ್ ಓಲ್ವೇಯಸ್ ಅವರಿಂದ. 1982ರಲ್ಲಿ ನಾರ್ವೆಯಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಿರುಕುಳವೇ ಅದಕ್ಕೆ ಕಾರಣವೆಂದು ದೇಶವೇ ತಲ್ಲಣಿಸಿತು. ಮರುವರ್ಷ ಅಲ್ಲಿನ ಸರ್ಕಾರ ಎಲ್ಲ ಶಾಲೆಗಳಲ್ಲಿ ಅಭಿಯಾನ ಹಮ್ಮಿಕೊಂಡಿತು. ಓಲ್ವೇಯಸ್ ಕಿರುಕುಳಕ್ಕೆ ಮೂರು ಲಕ್ಷಣ ಹೇಳಿದರು: ನೋಯಿಸುವ ಉದ್ದೇಶ, ಪುನರಾವರ್ತನೆ, ಬಲದ ಅಸಮತೋಲನ. 2008ರಲ್ಲಿ ಲಂಡನ್ನಿನ ಪೀಟರ್ ಸ್ಮಿತ್ ಮತ್ತು ಸಂಗಡಿಗರು ಇದೇ ಮೂರನ್ನು ವಿದ್ಯುನ್ಮಾನ ಮಾಧ್ಯಮಕ್ಕೆ ಅನ್ವಯಿಸಿ ಕೊಟ್ಟ ವ್ಯಾಖ್ಯೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ.

ಆದರೆ ಈ ವ್ಯಾಖ್ಯೆ ಆನ್‌ಲೈನ್ ಬದುಕಿಗೆ ಪೂರ್ತಿ ಹೊಂದುವುದಿಲ್ಲ. ಒಂದು ಫೋಟೊವನ್ನು ಒಬ್ಬ ಒಂದೇ ಸಲ ಹಾಕಿರಬಹುದು. ಅದನ್ನು ನೂರು ಜನ ಹಂಚಿದರೆ ಪುನರಾವರ್ತನೆ ಯಾರದು? ಕಿರುಕುಳ ಕೊಡುವವನು ಗಟ್ಟಿಮುಟ್ಟಾಗಿ ಇರಬೇಕಿಲ್ಲ, ಹೆಸರು ಮರೆಮಾಚುವುದು ಗೊತ್ತಿದ್ದರೆ ಸಾಕು, ಬಲ ಅವನ ಕಡೆ ಇರುತ್ತದೆ. ಡೇನಾ ಬಾಯ್ಡ್ ತೋರಿಸಿಕೊಟ್ಟಂತೆ ಜಾಲದಲ್ಲಿ ಬಿದ್ದ ಮಾತು ಉಳಿಯುತ್ತದೆ, ಎಲ್ಲರಿಗೂ ಕಾಣುತ್ತದೆ, ಹರಡುತ್ತದೆ, ಹುಡುಕಿದಾಗ ಸಿಗುತ್ತದೆ. ಆಲಿಸ್ ಮಾರ್ವಿಕ್ ಜೊತೆ ಸೇರಿ 2011ರಲ್ಲಿ ಅವರು ಇನ್ನೊಂದು ಸಂಗತಿಯನ್ನೂ ಗುರುತಿಸಿದರು. ಅಮೆರಿಕದ ಹದಿಹರೆಯದವರು ತಮ್ಮ ನಡುವಿನ ಇಂಥ ಜಗಳಗಳನ್ನು ಕಿರುಕುಳ ಎಂದು ಕರೆಯುವುದೇ ಇಲ್ಲ, ಅವರಿಗೆ ಅದು ಬರೀ ‘ಡ್ರಾಮಾ’. ಬಲಿಪಶು ಎಂಬ ಪಟ್ಟ ಹೊತ್ತುಕೊಳ್ಳಲು ಅವರಿಗೆ ಇಷ್ಟವಿಲ್ಲ. ಸಮೀಕ್ಷೆಯಲ್ಲಿ ‘ನಿನಗೆ ಕಿರುಕುಳವಾಗಿದೆಯೇ’ ಎಂದು ಕೇಳಿದರೆ ಇಲ್ಲ ಎನ್ನುವ ಮಗು, ‘ನಿನ್ನ ಬಗ್ಗೆ ಯಾರಾದರೂ ಸುಳ್ಳುಸುದ್ದಿ ಹಬ್ಬಿಸಿದರೇ’ ಎಂದರೆ ಹೌದು ಎನ್ನಬಹುದು. ಜಪಾನ್ 2013ರಲ್ಲಿ ತಂದ ಕಾನೂನು ಬೇರೆಯೇ ದಾರಿ ಹಿಡಿಯಿತು. ಅದರ ಪ್ರಕಾರ ಕೃತ್ಯಕ್ಕೆ ಗುರಿಯಾದ ಮಗುವಿಗೆ ಮನಸ್ಸಿಗಾಗಲಿ ದೇಹಕ್ಕಾಗಲಿ ನೋವಾಗಿದ್ದರೆ ಅದು ಕಿರುಕುಳ, ಅಂತರ್ಜಾಲದ ಮೂಲಕ ನಡೆದದ್ದೂ ಸೇರಿ. ಸಂಶೋಧಕರಿಗೆ ಇದರಿಂದ ಅಳೆಯುವುದು ಕಷ್ಟವಾಗಬಹುದು. ಮಗುವಿನ ಕಡೆಯಿಂದ ನೋಡಿದರೆ ಇದೇ ಹೆಚ್ಚು ನ್ಯಾಯವಾದ ನಿಲುವು.

ಎಣಿಕೆಯ ಘಟ್ಟ

ಅಮೆರಿಕದಲ್ಲಿ ಡೇವಿಡ್ ಫಿಂಕೆಲ್‌ಹಾರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ವರದಿ ಈ ಕ್ಷೇತ್ರದ ಮೊದಲ ದೊಡ್ಡ ದಾಖಲೆ. 10ರಿಂದ 17 ವರ್ಷದ 1,501 ಮಂದಿಯಲ್ಲಿ ಶೇ 6ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಆನ್‌ಲೈನ್ ಕಿರುಕುಳ ಕಂಡಿದ್ದರು. ಅದೇ ತಂಡದ ಸಮೀಕ್ಷೆಯಲ್ಲಿ ಈ ಪ್ರಮಾಣ 2005ರಲ್ಲಿ ಶೇ 9, 2010ರಲ್ಲಿ ಶೇ 11. ‘ಸೈಬರ್ ಬುಲ್ಲಿಯಿಂಗ್’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಕೆನಡಾದ ಶಿಕ್ಷಕ ಬಿಲ್ ಬೆಲ್ಸಿ ಪ್ರಮುಖರು. ಯುರೋಪಿನ 25 ದೇಶಗಳ ಸುಮಾರು 25 ಸಾವಿರ ಮಕ್ಕಳನ್ನು ಮಾತನಾಡಿಸಿದ ‘ಇಯು ಕಿಡ್ಸ್ ಆನ್‌ಲೈನ್’ ಸಮೀಕ್ಷೆ (2010) ಆನ್‌ಲೈನ್ ಕಿರುಕುಳ ಶೇ 6, ಒಟ್ಟು ಕಿರುಕುಳ ಶೇ 19 ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2024ರಲ್ಲಿ ಹೊರತಂದ ವರದಿಯಲ್ಲಿ, 44 ದೇಶ-ಪ್ರದೇಶಗಳ ಶಾಲಾಮಕ್ಕಳ ಪೈಕಿ ಸರಿಸುಮಾರು ಆರರಲ್ಲಿ ಒಬ್ಬರು ಇದಕ್ಕೆ ಗುರಿಯಾಗಿದ್ದರು.

2014ರಲ್ಲಿ ರಾಬಿನ್ ಕೊವಾಲ್ಸ್ಕಿ ಮತ್ತು ಸಂಗಡಿಗರು 131 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಹುತೇಕ ಅಂದಾಜುಗಳು ಶೇ 10ರಿಂದ 40ರ ನಡುವೆ ಹರಡಿದ್ದವು. ಇಷ್ಟು ಅಗಲದ ಅಂತರಕ್ಕೆ ಮಕ್ಕಳ ಅನುಭವಕ್ಕಿಂತ ಕೇಳಿದ ಪ್ರಶ್ನೆಯೇ ಹೆಚ್ಚು ಕಾರಣ. ಭಾರತದ ಅಂಕಿಗಳು ಇದನ್ನು ಇನ್ನೂ ಢಾಳಾಗಿ ತೋರಿಸುತ್ತವೆ. 2012ರಲ್ಲಿ ಮೈಕ್ರೊಸಾಫ್ಟ್ 25 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ಶೇ 53ರಷ್ಟು ಮಕ್ಕಳು ಆನ್‌ಲೈನ್ ಕಿರುಕುಳ ಅನುಭವಿಸಿದ್ದರು. 2020ರಲ್ಲಿ ಕ್ರೈ ಸಂಸ್ಥೆ ದೆಹಲಿ ರಾಜಧಾನಿ ವಲಯದ 630 ಹದಿಹರೆಯದವರನ್ನು ಕೇಳಿದಾಗ ಸಿಕ್ಕಿದ್ದು ಶೇ 9.2. 2022ರಲ್ಲಿ ಮೆಕ್ಆಫೀ ಕಂಪನಿಯ ವರದಿ ಹೇಳಿದ್ದು ಶೇ 85. ಹತ್ತು ವರ್ಷದಲ್ಲಿ ಒಂದೇ ದೇಶದ ಮಕ್ಕಳ ಬದುಕು ಹೀಗೆ ಏರಿಳಿದಿರಲು ಸಾಧ್ಯವಿಲ್ಲ. ಒಮ್ಮೆ ಯಾರೋ ಒರಟಾಗಿ ಮಾತಾಡಿದ್ದನ್ನೂ ಸೇರಿಸಿ ಎಣಿಸಿದರೆ ಒಂದು ಸಂಖ್ಯೆ, ತಿಂಗಳುಗಟ್ಟಲೆ ನಡೆದ ಹಿಂಸೆಯನ್ನು ಮಾತ್ರ ಎಣಿಸಿದರೆ ಇನ್ನೊಂದು. ಸುರಕ್ಷತಾ ತಂತ್ರಾಂಶ ಮಾರುವ ಕಂಪನಿಯ ಅಂಕಿಯನ್ನೂ ಶೈಕ್ಷಣಿಕ ಅಧ್ಯಯನದ ಅಂಕಿಯನ್ನೂ ಒಂದೇ ಸಾಲಿನಲ್ಲಿಟ್ಟು ಗಾಬರಿ ಹುಟ್ಟಿಸುವ ಪತ್ರಿಕಾ ವರದಿಗಳಿಂದ ಮಕ್ಕಳಿಗೆ ಯಾವ ಉಪಕಾರವೂ ಆಗಿಲ್ಲ.

ಓಲ್ವೇಯಸ್ ಸ್ವತಃ 2012ರಲ್ಲಿ ಸೈಬರ್ ಕಿರುಕುಳಕ್ಕೆ ಅತಿಯಾದ ಮಹತ್ವ ಸಿಗುತ್ತಿದೆಯೇ ಎಂದು ಕೇಳಿದರು. ಆ ಪ್ರಶ್ನೆಗೆ ಪುರಾವೆಯೂ ಒದಗಿತು. ಆ್ಯಂಡ್ರೂ ಶಿಬಿಲ್ಸ್ಕಿ ಮತ್ತು ಲೂಸಿ ಬೋವ್ಸ್ 2017ರಲ್ಲಿ ಇಂಗ್ಲೆಂಡಿನ 15 ವರ್ಷದ 1,20,115 ಮಂದಿಯ ಉತ್ತರಗಳನ್ನು ವಿಶ್ಲೇಷಿಸಿದರು. ಅವರಲ್ಲಿ ಶೇ 30ರಷ್ಟು ಮಂದಿ ನಿಯಮಿತವಾಗಿ ಒಂದಲ್ಲ ಒಂದು ಬಗೆಯ ಕಿರುಕುಳಕ್ಕೆ ಒಳಗಾಗಿದ್ದರು. ಬರೀ ಆನ್‌ಲೈನ್‌ನಲ್ಲಿ ಮಾತ್ರ ಅದನ್ನು ಕಂಡವರು ಶೇ 1ಕ್ಕಿಂತ ಕಡಿಮೆ. ಶಾಲೆಯ ಅಂಗಳದಲ್ಲಿ ನಡೆಯುವುದೇ ಸಂಜೆ ಮೊಬೈಲಿನಲ್ಲಿ ಮುಂದುವರಿಯುತ್ತದೆ ಎಂಬುದು ಇದರ ತಾತ್ಪರ್ಯ. ಹಾಗಂತ ಅದರ ಭಾರ ಕಡಿಮೆ ಎಂದಲ್ಲ. ಮನೆಯ ಬಾಗಿಲು ಹಾಕಿಕೊಂಡರೂ ಬಿಡುವು ಸಿಗದಿರುವುದೇ ಅದರ ಭಾರ.

ಆತ್ಮಭಾವವನ್ನು ಅರಿಯುವ ಪ್ರಯತ್ನ

ಆತ್ಮಭಾವ ಎಂಬುದರಲ್ಲಿ ಹಲವು ಪದರಗಳಿವೆ. ನಾನು ಎಂಥವಳು ಎಂಬ ಚಿತ್ರ ಸ್ವ-ಕಲ್ಪನೆ. ಆ ಚಿತ್ರಕ್ಕೆ ನಾನು ಕೊಡುವ ಬೆಲೆ ಆತ್ಮಗೌರವ. ಚಿತ್ರ ದಿನಕ್ಕೊಂದು ಬಗೆಯಾಗದೆ ನಿಲ್ಲುವುದು ಅದರ ಸ್ಪಷ್ಟತೆ. ನಿನ್ನೆಯ ನಾನು, ನಾಳೆಯ ನಾನು ಒಂದೇ ಎಂಬ ಎಳೆ ಅಸ್ಮಿತೆ. ಹರೆಯದ ಮುಖ್ಯ ಕೆಲಸವೇ ಅಸ್ಮಿತೆಯನ್ನು ಕಟ್ಟಿಕೊಳ್ಳುವುದು ಎಂದವರು ಎರಿಕ್ ಎರಿಕ್ಸನ್. ಬೇರೆಯವರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆಂದು ಊಹಿಸಿಕೊಂಡು ಅದರಿಂದಲೇ ‘ನಾನು’ ರೂಪುಗೊಳ್ಳುತ್ತದೆ ಎಂದು ಚಾರ್ಲ್ಸ್ ಕೂಲಿ 1902ರಲ್ಲೇ ಹೇಳಿದ್ದರು. 1967ರಲ್ಲಿ ಡೇವಿಡ್ ಎಲ್ಕೈಂಡ್, ಹದಿಹರೆಯದವರು ಸದಾ ಒಂದು ಕಲ್ಪಿತ ಪ್ರೇಕ್ಷಕವರ್ಗ ತಮ್ಮನ್ನು ನೋಡುತ್ತಿದೆ ಎಂದು ಭಾವಿಸುತ್ತಾರೆ ಎಂದು ವಿವರಿಸಿದರು. ಮುಖದ ಮೇಲಿನ ಒಂದು ಮೊಡವೆಯನ್ನು ಊರೆಲ್ಲ ನೋಡಿತು ಎಂಬ ಸಂಕಟ ಆ ವಯಸ್ಸಿನದು. ಜಾಲತಾಣ ಮಾಡಿದ ಬದಲಾವಣೆ ಇಲ್ಲಿಯೇ. ಕಲ್ಪಿತವಾಗಿದ್ದ ಪ್ರೇಕ್ಷಕರು ಈಗ ನಿಜವಾಗಿ ಇದ್ದಾರೆ, ಅವರ ಸಂಖ್ಯೆ ಫೋಟೊದ ಕೆಳಗೇ ಬರೆದಿರುತ್ತದೆ, ನಕ್ಕವರ ಹೆಸರೂ ಕಾಣುತ್ತದೆ. ‘ಯಾರೂ ನಿನ್ನನ್ನು ಗಮನಿಸುತ್ತಿಲ್ಲ, ಸುಮ್ಮನಿರು’ ಎಂಬ ಹಿರಿಯರ ಸಮಾಧಾನ ಈ ಮಗುವಿಗೆ ನಾಟುವುದಿಲ್ಲ.

ಆತ್ಮಗೌರವವನ್ನು ಅಳೆಯಲು ಬಹುಪಾಲು ಸಂಶೋಧಕರು ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಮಾಪಕವನ್ನೇ ಬಳಸುತ್ತಾರೆ. ಅದರಲ್ಲಿ ಐದು ಹೇಳಿಕೆ ಮೆಚ್ಚುಗೆಯವು, ಐದು ತಿರಸ್ಕಾರದವು. 2010ರಲ್ಲಿ ಜಸ್ಟಿನ್ ಪ್ಯಾಚಿನ್ ಮತ್ತು ಸಮೀರ್ ಹಿಂದೂಜಾ ಇದೇ ಮಾಪಕದಿಂದ ಅಮೆರಿಕದ 1,963 ಮಾಧ್ಯಮಿಕ ಶಾಲಾ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದರು. ಕಿರುಕುಳಕ್ಕೆ ಗುರಿಯಾದವರ ಆತ್ಮಗೌರವ ಉಳಿದವರಿಗಿಂತ ಕಡಿಮೆ ಇತ್ತು. ಕಿರುಕುಳ ಕೊಟ್ಟವರದೂ ಕಡಿಮೆ ಇತ್ತು. ಈ ಎರಡನೆಯ ಫಲಿತಾಂಶ ಬಹಳ ಚರ್ಚೆಗೆ ಕಾರಣವಾಯಿತು. ಹಿಂಸೆ ಕೊಡುವವನು ಸೊಕ್ಕಿನವನು ಎಂಬ ಸಾಮಾನ್ಯ ನಂಬಿಕೆ ಅದರಿಂದ ಅಲುಗಾಡಿತು. ಒಬ್ಬನೇ ಎರಡೂ ಪಾತ್ರ ವಹಿಸುವುದು ಆನ್‌ಲೈನ್‌ನಲ್ಲಿ ಸಾಮಾನ್ಯ. ಬೆಳಿಗ್ಗೆ ಶಾಲೆಯಲ್ಲಿ ತಿಂದ ಅವಮಾನವನ್ನು ರಾತ್ರಿ ಮುಖ ಕಾಣದ ಖಾತೆಯಿಂದ ಇನ್ನೊಬ್ಬನಿಗೆ ದಾಟಿಸಬಹುದು. ಜಾನ್ ಸೂಲರ್ 2004ರಲ್ಲಿ ವಿವರಿಸಿದ ಆನ್‌ಲೈನ್ ನಿರ್ಬಂಧಸಡಿಲಿಕೆ, ಅಂದರೆ ಎದುರಿಗಿದ್ದರೆ ಆಡದ ಮಾತನ್ನು ಪರದೆಯ ಹಿಂದಿನಿಂದ ಆಡಿಬಿಡುವ ಪ್ರವೃತ್ತಿ, ಇದಕ್ಕೆ ಅನುವು ಮಾಡಿಕೊಡುತ್ತದೆ.

ಹೊರಗಿಡುವಿಕೆಯ ಬಗ್ಗೆ ಪ್ರಯೋಗಾಲಯದಿಂದ ಬಂದ ಪುರಾವೆ ಇನ್ನೂ ಬಲವಾಗಿದೆ. ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು 2000ದಲ್ಲಿ ‘ಸೈಬರ್‌ಬಾಲ್’ ಎಂಬ ಸರಳ ಆಟವನ್ನು ಬಳಸಿದರು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ಇಬ್ಬರು ತಮ್ಮೊಳಗೇ ಆಡತೊಡಗಿ ಮೂರನೆಯವರಿಗೆ ಚೆಂಡೇ ಕೊಡುವುದಿಲ್ಲ. ಅಷ್ಟಕ್ಕೇ ಮನಸ್ಸು ಕುಂದುತ್ತದೆ. 2004ರ ಇನ್ನೊಂದು ಪ್ರಯೋಗದಲ್ಲಿ, ಎದುರಿಗಿರುವುದು ಮನುಷ್ಯರಲ್ಲ, ಕಂಪ್ಯೂಟರ್ ಎಂದು ಮೊದಲೇ ತಿಳಿಸಿದರೂ ಭಾಗವಹಿಸಿದವರ ಆತ್ಮಗೌರವ ಇಳಿಯಿತು. ಇದೇ ಆಟವನ್ನು ಹದಿಹರೆಯದ ಹುಡುಗಿಯರಿಗೂ ವಯಸ್ಕ ಮಹಿಳೆಯರಿಗೂ ಆಡಿಸಿದ ಕ್ಯಾಥರಿನ್ ಸೆಬಾಸ್ಟಿಯನ್ ಮತ್ತು ಸಂಗಡಿಗರ ಅಧ್ಯಯನ (2010) ಕಿರಿಯರ ಮನಸ್ಸು ಹೆಚ್ಚು ಕೆಡುತ್ತದೆ ಎಂದು ತೋರಿಸಿತು. ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಹಾಕಿದ್ದಕ್ಕೆ ಮಗಳು ಊಟ ಬಿಟ್ಟರೆ ‘ಅಷ್ಟಕ್ಕೇ ಏನಾಯಿತು’ ಎನ್ನುವ ತಂದೆತಾಯಿ ಈ ಪ್ರಯೋಗಗಳನ್ನು ತಿಳಿದಿರಬೇಕು.

ಸ್ವದೂಷಣೆ ಎಂಬ ಕೊಂಡಿ

ಒಂದೇ ಬಗೆಯ ಅವಮಾನ ಒಬ್ಬರನ್ನು ಕುಸಿಯುವಂತೆ ಮಾಡಿ ಇನ್ನೊಬ್ಬರನ್ನು ಸಿಟ್ಟಾಗಿಸಿ ಬಿಟ್ಟುಬಿಡುವುದೇಕೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಮೊಬೈಲ್ ಯುಗಕ್ಕೂ ಮುಂಚೆ, ಸಾಂಡ್ರಾ ಗ್ರಹಾಂ ಮತ್ತು ಯಾನಾ ಯುವೋನೆನ್ 1998ರಲ್ಲಿ ಮಾಡಿದ ಅಧ್ಯಯನದಲ್ಲಿ. ಕಿರುಕುಳಕ್ಕೆ ಒಳಗಾದ ಮಕ್ಕಳು ತಮಗೇ ತಾವು ಕೊಟ್ಟುಕೊಳ್ಳುವ ಕಾರಣದಲ್ಲಿ ಎರಡು ಬಗೆ. ‘ಆ ಹೊತ್ತಿಗೆ ಅಲ್ಲಿ ಹೋಗಬಾರದಿತ್ತು’ ಎನ್ನುವುದು ನಡವಳಿಕೆಯನ್ನು ದೂಷಿಸುವುದು. ‘ನಾನೇ ಅಂಥವಳು, ಅದಕ್ಕೇ ಹೀಗೆ’ ಎನ್ನುವುದು ಸ್ವಭಾವವನ್ನೇ ದೂಷಿಸುವುದು. ಎರಡನೆಯದರ ಜೊತೆಗೆ ಒಂಟಿತನ, ಆತಂಕ, ಕೀಳರಿಮೆ ಸೇರಿಕೊಂಡಿರುತ್ತವೆ. ನಡವಳಿಕೆಯನ್ನು ನಾಳೆ ಬದಲಿಸಿಕೊಳ್ಳಬಹುದು, ಸ್ವಭಾವವನ್ನು ಬದಲಿಸಲಾಗದು ಎಂಬ ನಂಬಿಕೆ ಮಗುವಿಗೆ ಹೊರದಾರಿಯನ್ನೇ ಮುಚ್ಚಿಬಿಡುತ್ತದೆ.

ಈ ಕಲ್ಪನೆಯನ್ನು ಆನ್‌ಲೈನ್‌ಗೆ ತಂದು ನೋಡಿದರೆ ಹಲವು ವಿಷಯ ತಿಳಿಯಾಗುತ್ತವೆ. ಕಿರುಕುಳ ಕೊಟ್ಟವನು ಯಾರೆಂದು ಗೊತ್ತಿಲ್ಲದಿದ್ದಾಗ ಎಲ್ಲರೂ ಹಾಗೇ ಯೋಚಿಸುತ್ತಾರೇನೋ ಎಂಬ ಶಂಕೆ ಹುಟ್ಟುತ್ತದೆ. ಎಲ್ಲರೂ ಹಾಗೆ ಅಂದುಕೊಂಡರೆ ದೋಷ ತನ್ನದೇ ಇರಬೇಕು ಎಂದು ಹರೆಯದ ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಅನಾಮಿಕತೆಯನ್ನು ಅತಿಯಾಗಿ ಭಾವಿಸಲೂಬಾರದು. ಯುವೋನೆನ್ ಮತ್ತು ಎಲಿಶೆವಾ ಗ್ರಾಸ್ 2008ರಲ್ಲಿ 12ರಿಂದ 17 ವಯಸ್ಸಿನ 1,454 ಮಂದಿಯನ್ನು ಕೇಳಿದಾಗ, ಆನ್‌ಲೈನ್ ಕಿರುಕುಳ ಕಂಡವರಲ್ಲಿ ಹೆಚ್ಚಿನವರಿಗೆ ಅದು ಯಾರ ಕೆಲಸ ಎಂಬುದು ಬಹುಮಟ್ಟಿಗೆ ಗೊತ್ತಿತ್ತು. ಎಷ್ಟೋ ಸಲ ಅದು ನಿನ್ನೆಯವರೆಗೂ ಗೆಳತಿಯಾಗಿದ್ದವಳು. ಆ ಗಾಯವೇ ಬೇರೆ.

ಕಾರಣ ಯಾವುದು, ಪರಿಣಾಮ ಯಾವುದು

ಒಂದೇ ಸಲ ಪ್ರಶ್ನಾವಳಿ ತುಂಬಿಸುವ ಅಧ್ಯಯನದಿಂದ ಕೀಳರಿಮೆ ಕಿರುಕುಳದ ಫಲವೋ ಅದರ ಮೂಲವೋ ಎಂದು ಹೇಳಲು ಬಾರದು. ಇದು ಈ ಕ್ಷೇತ್ರದ ಹಳೆಯ ದೌರ್ಬಲ್ಯ, ಮತ್ತು ಇಂದಿಗೂ ಪ್ರಕಟವಾಗುವ ಬಹುಪಾಲು ಲೇಖನಗಳು ಇದನ್ನು ದಾಟಿಲ್ಲ. 2010ರ ನಂತರ ಅದೇ ಮಕ್ಕಳನ್ನು ಕೆಲವು ತಿಂಗಳ ಅಂತರದಲ್ಲಿ ಮತ್ತೆ ಕೇಳುವ ದೀರ್ಘಾವಧಿ ಅಧ್ಯಯನಗಳು ಹೆಚ್ಚಿದವು. ಸ್ಪೇನಿನಲ್ಲಿ ಮಾನುವೆಲ್ ಗಾಮೆಸ್-ಗ್ವಾಡಿಕ್ಸ್ ಮತ್ತು ಸಂಗಡಿಗರು 2013ರಲ್ಲಿ ಕಂಡದ್ದು ಎರಡು ಕಡೆಯ ಹರಿವನ್ನು: ಕಿರುಕುಳ ಮುಂದಿನ ಖಿನ್ನತೆಗೆ ದಾರಿ ಮಾಡುತ್ತದೆ, ಖಿನ್ನತೆ ಮುಂದಿನ ಕಿರುಕುಳಕ್ಕೆ ಗುರಿಯಾಗಿಸುತ್ತದೆ. ಕುಗ್ಗಿದ ಮಗು ಗೆಳೆಯರಿಂದ ದೂರ ಸರಿಯುತ್ತದೆ, ಜಾಲದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ, ಅಲ್ಲಿ ಮತ್ತೆ ಸುಲಭದ ಗುರಿಯಾಗುತ್ತದೆ.

ಆತ್ಮಹಾನಿಯ ಬಗೆಗಿನ ಪುರಾವೆಯನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಆ್ಯನ್ ಜಾನ್ ಮತ್ತು ಸಂಗಡಿಗರು 2018ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸೈಬರ್ ಕಿರುಕುಳಕ್ಕೆ ಒಳಗಾದ 25 ವರ್ಷದೊಳಗಿನವರಲ್ಲಿ ಆತ್ಮಹಾನಿಯ ಮತ್ತು ಆತ್ಮಹತ್ಯಾ ವರ್ತನೆಯ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದರು. ಕಿರುಕುಳವೊಂದೇ ಕಾರಣ ಎಂದು ಅವರು ಹೇಳಲಿಲ್ಲ. ಸುದ್ದಿಮಾಧ್ಯಮಗಳು ಒಂದು ಸಾವಿಗೆ ಒಂದೇ ಸಂದೇಶವನ್ನು ಕಾರಣವಾಗಿ ತೋರಿಸಿದಾಗ ಅದೇ ಸ್ಥಿತಿಯಲ್ಲಿರುವ ಬೇರೆ ಮಕ್ಕಳಿಗೆ ಅದೊಂದು ಅಪಾಯಕಾರಿ ದಾರಿಯಾಗಿ ಕಾಣಬಹುದು.

ಇನ್ನಷ್ಟು ಹತ್ತಿರದಿಂದ ನೋಡುವ ವಿಧಾನವೂ ಬಂದಿದೆ. ನೆದರ್ಲೆಂಡ್ಸಿನ ಪಟ್ಟಿ ವಾಲ್ಕೆನ್‌ಬರ್ಗ್ ತಂಡ 2006ರಲ್ಲೇ, 881 ಹರೆಯದವರ ಅಧ್ಯಯನದಲ್ಲಿ, ಜಾಲತಾಣದಲ್ಲಿ ಕಳೆದ ಹೊತ್ತಿಗಿಂತ ಅಲ್ಲಿ ಸಿಕ್ಕ ಪ್ರತಿಕ್ರಿಯೆಯ ಬಗೆ ಆತ್ಮಗೌರವವನ್ನು ಏರಿಸುತ್ತದೆ ಇಲ್ಲವೇ ಇಳಿಸುತ್ತದೆ ಎಂದು ತೋರಿಸಿತ್ತು. 2021ರಲ್ಲಿ ಅದೇ ತಂಡ 387 ಮಂದಿಯನ್ನು ಮೂರು ವಾರ, ದಿನಕ್ಕೆ ಹಲವು ಬಾರಿ, ಮೊಬೈಲಿನಲ್ಲೇ ಕೇಳಿ ಉತ್ತರ ಪಡೆಯಿತು. ಜಾಲತಾಣ ಬಳಕೆಯಿಂದ ಶೇ 88ರಷ್ಟು ಮಂದಿಯ ಆತ್ಮಗೌರವದಲ್ಲಿ ಬದಲಾವಣೆ ಇಲ್ಲ ಅಥವಾ ತೀರಾ ಅಲ್ಪ, ಶೇ 4 ಮಂದಿಗೆ ಒಳಿತು, ಶೇ 8 ಮಂದಿಗೆ ಕೆಡುಕು. ಸರಾಸರಿಯಲ್ಲಿ ಮುಚ್ಚಿಹೋಗುವ ಆ ಶೇ 8 ಮಂದಿ ಯಾರು ಎಂದು ಕಂಡುಹಿಡಿಯುವುದು ಇವತ್ತಿನ ಮುಖ್ಯ ಸವಾಲು.

ತೀರಾ ಕಳವಳ ಹುಟ್ಟಿಸುವ ಸಂಗತಿ ಹೊರಬಂದದ್ದು 2017ರಲ್ಲಿ. ಪ್ಯಾಚಿನ್ ಮತ್ತು ಹಿಂದೂಜಾ ಅಮೆರಿಕದ 12ರಿಂದ 17 ವಯಸ್ಸಿನ ಐದೂವರೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಸುಮಾರು ಶೇ 6 ಮಂದಿ ತಮ್ಮ ಬಗ್ಗೆ ತಾವೇ, ಹೆಸರು ಮರೆಸಿ, ಕೆಟ್ಟದಾಗಿ ಬರೆದುಕೊಂಡಿದ್ದಾರೆಂದು ಕಂಡರು. ಹುಡುಗರಲ್ಲಿ ಇದು ಹುಡುಗಿಯರಿಗಿಂತ ತುಸು ಹೆಚ್ಚು. ಯಾರಾದರೂ ತನ್ನ ಪರವಾಗಿ ಮಾತಾಡುತ್ತಾರೆಯೇ ಎಂದು ನೋಡಲು ಕೆಲವರು, ತನ್ನ ಮೇಲಿನ ಹೇವರಿಕೆಯಿಂದ ಕೆಲವರು ಹೀಗೆ ಮಾಡಿದ್ದರು. ಹೊರಗಿನ ದನಿ ಒಳಗಿನ ದನಿಯಾಗುವುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ತಡೆಯುವ ಯತ್ನಗಳು

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ 1996ರಿಂದ ತೋರಿಸುತ್ತ ಬಂದಿರುವಂತೆ ಕಿರುಕುಳ ಇಬ್ಬರ ನಡುವಿನ ವ್ಯವಹಾರವಲ್ಲ. ಕುಮ್ಮಕ್ಕು ಕೊಡುವವರು, ನಗುವವರು, ಸುಮ್ಮನೆ ನೋಡುವವರು, ಪರವಾಗಿ ನಿಲ್ಲುವವರು ಎಲ್ಲರೂ ಅದರಲ್ಲಿ ಪಾತ್ರಧಾರಿಗಳು. ಅವರು ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಕಿವಾ’ ಕಾರ್ಯಕ್ರಮ ನೋಡುಗರನ್ನೇ ಗುರಿಯಾಗಿಸಿದೆ. ಜರ್ಮನಿಯ ‘ಮೇಡಿಯನ್‌ಹೆಲ್ಡೆನ್’, ಸ್ಪೇನಿನ ‘ಕಾನ್‌ರೆಡ್’ ಆನ್‌ಲೈನ್ ಕಿರುಕುಳಕ್ಕೆಂದೇ ರೂಪಿಸಿದವು. ಇಂಥ ಕಾರ್ಯಕ್ರಮಗಳನ್ನು ಒಟ್ಟಾಗಿ ತೂಗಿದ ಹ್ಯಾನಾ ಗ್ಯಾಫ್ನಿ ಮತ್ತು ಸಂಗಡಿಗರ 2019ರ ವಿಶ್ಲೇಷಣೆ, ಕಿರುಕುಳ ಕೊಡುವುದು ಶೇ 10ರಿಂದ 15ರಷ್ಟು, ಅನುಭವಿಸುವುದು ಸುಮಾರು ಶೇ 14ರಷ್ಟು ತಗ್ಗಬಹುದು ಎಂದಿತು. ಫಲ ದೊಡ್ಡದಲ್ಲ, ಆದರೆ ನಿಜವಾದದ್ದು. ನ್ಯೂಜಿಲೆಂಡ್ (2015), ಇಟಲಿ (2017) ಪ್ರತ್ಯೇಕ ಕಾನೂನು ತಂದವು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನೇ ನಿರ್ಬಂಧಿಸಿದೆ. ಅದರ ಪರಿಣಾಮದ ಅಧ್ಯಯನ ಇನ್ನು ಬರಬೇಕು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸೈಬರ್ ಕಿರುಕುಳಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಇ, 67, 67ಬಿ ಕಲಂಗಳು, ಪೋಕ್ಸೊ ಕಾಯ್ದೆ, ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಸಂದರ್ಭಕ್ಕೆ ತಕ್ಕಂತೆ ಅನ್ವಯವಾಗುತ್ತವೆ. ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ 66ಎ ಕಲಂ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು.

ಸಂಶೋಧನೆಯಲ್ಲಿ ಭಾರತದ ದನಿ ಇನ್ನೂ ತೆಳು. ಯುರೋಪ್, ಆಸ್ಟ್ರೇಲಿಯಾ, ಭಾರತಗಳ ಅಧ್ಯಯನಗಳನ್ನು ಹೋಲಿಸಿ ಪೀಟರ್ ಸ್ಮಿತ್, ಸುರೇಶ್ ಸುಂದರಂ, ದಮನ್‌ಜಿತ್ ಸಂಧು ಮೊದಲಾದವರು ಸಂಪಾದಿಸಿದ 2018ರ ಗ್ರಂಥ ಒಂದು ಒಳ್ಳೆಯ ಆರಂಭ. ಹೆಚ್ಚಿನ ಸಮೀಕ್ಷೆಗಳು ನಗರದ, ಇಂಗ್ಲಿಷ್ ಬಲ್ಲ ಮಕ್ಕಳಿಗೇ ಸೀಮಿತ. ಪಶ್ಚಿಮದಲ್ಲಿ ತಯಾರಾದ ಪ್ರಶ್ನಾವಳಿಯಲ್ಲಿ ಜಾತಿ ಹಿಡಿದು ಹಂಗಿಸುವುದರ ಬಗ್ಗೆ ಪ್ರಶ್ನೆ ಇರುವುದಿಲ್ಲ. ಮೈಬಣ್ಣ, ಇಂಗ್ಲಿಷ್ ಉಚ್ಚಾರಣೆ, ಅಪ್ಪನ ಕೆಲಸ ಹಿಡಿದು ಮಾಡುವ ಗೇಲಿಗೂ ಅಲ್ಲಿ ಜಾಗವಿಲ್ಲ. ‘ನಾನು’ ಎಂಬುದು ಸಂಬಂಧಗಳೊಳಗೇ ಹೆಣೆದುಕೊಂಡಿರುವ ಸಮಾಜಗಳ ಬಗ್ಗೆ ಹೇಜಲ್ ಮಾರ್ಕಸ್ ಮತ್ತು ಶಿನೊಬು ಕಿತಯಾಮಾ 1991ರಲ್ಲಿ ಬರೆದದ್ದು ಇಲ್ಲಿಗೆ ಸಲ್ಲುತ್ತದೆ. ನಮ್ಮ ಹುಡುಗಿಯೊಬ್ಬಳ ತಿರುಚಿದ ಚಿತ್ರ ಹರಿದಾಡಿದರೆ ಅವಳು ಮೊದಲು ಯೋಚಿಸುವುದು ಮನೆಯವರ ಮಾನದ ಬಗ್ಗೆ. ಅವಳ ಆತ್ಮಗೌರವವನ್ನು ಮಾತ್ರ ಬಿಡಿಸಿ ಅಳೆಯುವ ಹತ್ತು ಹೇಳಿಕೆಗಳು ಆ ಭಾರವನ್ನು ಹಿಡಿಯಲಾರವು. ಕೃತಕ ಬುದ್ಧಿಮತ್ತೆಯಿಂದ ಬೆತ್ತಲೆ ಚಿತ್ರ ಸೃಷ್ಟಿಸುವ ಸಾಧನಗಳು ಬಂದಮೇಲೆ ಈ ಕೊರತೆ ಇನ್ನಷ್ಟು ತುರ್ತಿನದಾಗಿದೆ.

ಫೋನ್ ಯಾರದು ಎಂಬುದೂ ಇಲ್ಲಿ ಮುಖ್ಯ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗೆಗಿನ ಅಸರ್ (ವಾರ್ಷಿಕ ಶಿಕ್ಷಣ ಸ್ಥಿತಿಗತಿ) 2023 ವರದಿಯಂತೆ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇದೆ, ಹುಡುಗಿಯರಲ್ಲಿ ಶೇ 19.8 ಮಂದಿಗೆ ಮಾತ್ರ. ಅಣ್ಣನ ಇಲ್ಲವೇ ಅಪ್ಪನ ಫೋನಿಗೆ ಬಂದ ಹೊಲಸು ಸಂದೇಶವನ್ನು ಆಕೆ ಅಳಿಸುವುದು ಹೇಗೆ, ವಿವರಿಸುವುದು ಹೇಗೆ? ಯುವೋನೆನ್-ಗ್ರಾಸ್ ಅಧ್ಯಯನದಲ್ಲಿ ಶೇ 90 ಮಂದಿ ಹಿರಿಯರಿಗೆ ಹೇಳಿರಲಿಲ್ಲ. ಅರ್ಧದಷ್ಟು ಮಂದಿ ತಾವೇ ನಿಭಾಯಿಸಬೇಕೆಂದುಕೊಂಡಿದ್ದರು, ಸುಮಾರು ಮೂರರಲ್ಲಿ ಒಂದು ಪಾಲು ಮಂದಿಗೆ ಅಂತರ್ಜಾಲ ಬಳಕೆಗೇ ಕಡಿವಾಣ ಬೀಳುವ ಭಯ. ನಮ್ಮಲ್ಲಿ ಫೋನಿನ ಜೊತೆಗೆ ಹುಡುಗಿಯ ಓದಿಗೂ ಕುತ್ತು ಬರಬಹುದು.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ‘ಶಟ್’ ಕ್ಲಿನಿಕ್ ತೆರೆಯಿತು. ಮೊಬೈಲ್, ಗೇಮಿಂಗ್, ಜಾಲತಾಣಗಳಿಂದ ತೊಂದರೆಗೊಳಗಾದ ಹರೆಯದವರು ಮತ್ತು ಅವರ ಪೋಷಕರು ಅಲ್ಲಿಗೆ ಬರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೂ ನಿಮ್ಹಾನ್ಸ್ ಪ್ರಧಾನ ಕೇಂದ್ರ. ಅದರ ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ದೂರಿಗೆ 1930.